ನಮ್ಮ ಗಾಡಿ ಕಿತ್ತವರು ಯಾರು?

ನಮ್ಮ ಮಾಮಾ ಒಂದು ವಿಮಾನ ಕಂಪನಿ ನಡೆಸುತ್ತಾನೆ. ಈ ಸಂಗತಿ ಆ ಕಂಪನಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ!

ಆತನ ಆಫೀಸು ಜಮಖಂಡಿಯಲ್ಲಿದೆ. ಆಫೀಸೆಂದರೆ ಮನೆಯ ಪಡಸಾಲೆ, ಒಂದು ಪ್ಲಾಸ್ಟಿಕ್ ಕುರ್ಚಿ, ಗಾಜು ಸೀಳಿದ ಒಂದು ಮೊಬೈಲು. ಮುಂಜಾನೆ ಆರಕ್ಕೆ ಆತ ಕುರ್ಚಿಗೆ ಬಂದು ಕೂತನೆಂದರೆ ದಕ್ಷಿಣ ಭಾರತದ ಸಣ್ಣ ವಿಮಾನಗಳೆಲ್ಲ ಆತನ ಹಾಜರಿ ಪುಸ್ತಕಕ್ಕೆ ಬಂದವೆಂದೇ ಲೆಕ್ಕ. ಹತ್ತು ಗಂಟೆಯ ಸುಮಾರಿಗೆ ಪಡಸಾಲೆಯಿಂದ "ಅಯ್ಯಯ್ಯ, ಮತ್ತ ಕಿತ್ರಲ್ಲೋ ಗಾಡಿ!" ಎಂದು ಒಂದು ಕೂಗು ಬಂದರೆ ಓಣಿಯವರು ಯಾರೂ ಗಾಬರಿಯಾಗುವುದಿಲ್ಲ. ಎಲ್ಲೋ ಒಂದು ವಿಮಾನ ತಪ್ಪಿತೆಂದು ತಿಳಿದುಕೊಂಡು ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ.

ಜಮಖಂಡಿಯಲ್ಲಿ ವಿಮಾನ ನಿಲ್ದಾಣವಿದೆಯೇ? ಇಲ್ಲ. ಮುಧೋಳದಲ್ಲಿ? ಬೀಳಗಿಯಲ್ಲಿ? ರಬಕವಿ-ಬನಹಟ್ಟಿಯಲ್ಲಿ? ಎಲ್ಲಿಯೂ ಇಲ್ಲ! ನಮಗೆ ವಿಮಾನ ಬೇಕೆಂದರೆ ಬೆಳಗಾವಿಗೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ. ಮೂರು ತಾಸಿನ ಹಾದಿ. ಕಾರ್ಖಾನೆ ಶುರುವಾದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದರೆ ಎಷ್ಟು ತಾಸೆಂದು ಕೇಳಬೇಡಿ. ಹೀಗಿರುವಾಗ ಎಪ್ಪತ್ತು ದಾಟಿದ, ಸ್ವಂತ ಸೈಕಲ್ಲೂ ಇಲ್ಲದ ಮನುಷ್ಯನಿಗೆ ವಿಮಾನದ ಉಸಾಬರಿ ಏಕೆ?

ಹೇಳುತ್ತೇನೆ. ಆದರೆ ನಗುತ್ತ ಹೇಳುತ್ತೇನೆಂದು ಖಾತ್ರಿ ಕೊಡಲಾರೆ. ಮಾಮಾನಿಗೆ ವಿಮಾನದವರ ಮೇಲೆ ಸಿಟ್ಟು. ನನಗೆ ವಿಮಾನದವರ ಮೇಲೆಯೂ ಸಿಟ್ಟು, ಮಾಮಾನ ಮೇಲೆಯೂ ಸಿಟ್ಟು. ನಾನು ಮುಧೋಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಸಿಟ್ಟಿಗೆ ಊರಲ್ಲಿ ಸ್ವಲ್ಪ ಹೆಸರೂ ಇದೆ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಮೂವತ್ತು ವರ್ಷ ಸರಕಾರಿ ಬಸ್ಸುಗಳ ಕಂಟ್ರೋಲರ್ ಆಗಿದ್ದವನು. ಯಾವ ಊರಿನ ಬಸ್ ಸ್ಟ್ಯಾಂಡ್ ಎಂದು ಹೇಳುವುದಿಲ್ಲ, ಹೇಳಿದರೆ ಆ ಊರಿನವರು ಹಳೆಯ ಬಾಕಿ ತೀರಿಸಿಕೊಳ್ಳಲು ಇವತ್ತೇ ಹೊರಟು ಬಂದಾರು! ಯಾವ ಬಸ್ಸು ಯಾವ ಹಾದಿಗೆ, ಯಾವುದು ಎಷ್ಟು ಗಂಟೆಗೆ ಬಿಟ್ಟಿತು, ಯಾವುದು ಕೆಟ್ಟು ನಿಂತಿತು, ಕೆಟ್ಟದ್ದರ ಬದಲು ಯಾವುದನ್ನು ಕಳಿಸಬೇಕು, ಇದೆಲ್ಲ ಆತನ ರಾಜ್ಯಭಾರ. ಒಂದು ಹಾದಿಗೆ ಹಚ್ಚಿದ ಬಸ್ಸನ್ನು ತೆಗೆದು ಇನ್ನೊಂದು ಹಾದಿಗೆ ಹಾಕುವುದಕ್ಕೆ ಆತನ ಭಾಷೆಯಲ್ಲಿ ಗಾಡಿ ಕೀಳುವುದು ಎಂದು ಹೆಸರು. ಬಸ್ಸಾಗಲಿ ವಿಮಾನವಾಗಲಿ, ಚಕ್ರವಿದ್ದದ್ದೆಲ್ಲ ಆತನಿಗೆ ಗಾಡಿ.

ನಿವೃತ್ತಿಯಾದ ಮೇಲೂ ಬಸ್ಸುಗಳ ವೇಳೆ ಕೂಗಿ ಹೇಳುತ್ತಿದ್ದ ಆ ಮೈಕು ಆತನನ್ನು ಬಿಡಲಿಲ್ಲ. ಒಮ್ಮೆ ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಮನೆಯ ಮದುವೆ. ಅಕ್ಕಿಕಾಳು ಹಾಕುವ ಮುಹೂರ್ತ ಮೀರಿತ್ತು. ವರನ ಕಡೆಯವರು ಇನ್ನೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಮಾ ಕೈಗಡಿಯಾರ ನೋಡಿದ, ಮತ್ತೊಮ್ಮೆ ನೋಡಿದ, ಎದ್ದು ಹೋಗಿ ಬ್ಯಾಂಡಿನವನ ಕೈಯಿಂದ ಮೈಕು ಕಸಿದುಕೊಂಡ. "ಪ್ರಯಾಣಿಕರ ಗಮನಕ್ಕೆ! ವರನ ಕಡೆಯವರು ಎಲ್ಲಿದ್ದರೂ ಕೂಡಲೇ ಮಂಟಪಕ್ಕೆ ಬರತಕ್ಕದ್ದು. ಈಗಾಗಲೇ ಹದಿನೆಂಟು ನಿಮಿಷ ತಡವಾಗಿರುತ್ತದೆ!" ಆ ಧ್ವನಿ ಕೇಳಿ ಮಂಟಪದಲ್ಲಿದ್ದ ಅರ್ಧ ಜನ ತಮ್ಮ ಚೀಲ ಎತ್ತಿಕೊಂಡು ಬಾಗಿಲ ಕಡೆ ಓಡಿದರು. ಅವರನ್ನು ಮತ್ತೆ ಕೂಡಿಸಲು ಇನ್ನಷ್ಟು ಹೊತ್ತು ಹಿಡಿಯಿತು.

ಇಂಥವನ ಕೈಗೆ ವಿಮಾನ ಸಿಕ್ಕದ್ದು ಅವ್ವನ ಕಣ್ಣಿನಿಂದ.

ಅವ್ವ ಮುಧೋಳದಲ್ಲಿ ನನ್ನ ಜೊತೆಗೇ ಇದ್ದಾಳೆ. ಆಕೆಗೆ ಇರುವುದು ಒಂದೇ ಕಣ್ಣು, ಬಲಗಣ್ಣು. ಎಡಗಣ್ಣು ಎಂದೋ ಹೋಗಿದೆ. ಕೆಲವು ವರ್ಷಗಳ ಹಿಂದೆ ಆ ಬಲಗಣ್ಣಿನ ಒಳಗೂ ನೀರು ತುಂಬತೊಡಗಿತು. ಬೆಳಗಾವಿಯಲ್ಲಿ ತೋರಿಸಿದೆವು, ಹುಬ್ಬಳ್ಳಿಯಲ್ಲಿ ತೋರಿಸಿದೆವು. ಅವರೆಲ್ಲ ಸೇರಿ ನಮ್ಮನ್ನು ಹೈದರಾಬಾದಿನ ಒಬ್ಬ ಡಾಕ್ಟರರ ಹತ್ತಿರ ಕಳಿಸಿದರು. ಅವರು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ನಾಲ್ಕು ವಾರಕ್ಕೊಮ್ಮೆ. ಒಂದೆರಡು ದಿನ ಆಚೀಚೆ ನಡೆಯುತ್ತದೆ, ಅದಕ್ಕಿಂತ ತಡವಾದರೆ ಕಣ್ಣಿನ ಖಾತ್ರಿ ಇಲ್ಲವೆಂದು ಅವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು. ಅವ್ವನ ಬೆನ್ನೆಲುಬು ಸವೆದು ಹೋಗಿದೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುವುದು ಆಕೆಯಿಂದ ಆಗದ ಮಾತು. ಉಳಿದದ್ದು ಬೆಳಗಾವಿಯಿಂದ ಹಾರುವ, ರೆಕ್ಕೆಗೆ ಫ್ಯಾನು ಹಚ್ಚಿದ ಒಂದು ಸಣ್ಣ ವಿಮಾನ. ಒಂದು ಕಣ್ಣು, ಒಂದು ತಾರೀಖು, ಒಂದು ವಿಮಾನ. ಇದರಲ್ಲಿ ಯಾವುದನ್ನು ತಪ್ಪಿಸುತ್ತೀರಿ?

ಮೊದಲ ಸಲ ಹೊರಟಾಗ ಮಾಮಾ ಜಮಖಂಡಿಯಿಂದ ಬಂದು ಕಾರಿನಲ್ಲಿ ಕೂತೇಬಿಟ್ಟ. "ಮಾಮಾ, ನೀ ಯಾಕ? ನಾ ಇದ್ದೇನಲ್ಲ," ಎಂದೆ.

"ಗಾಡಿ ವಿಷಯ ನಿನಗೇನ ತಿಳೀತೈತಿ? ಸಾಲಿ ಗಂಟಿ ಬಾರಿಸಿದಂಗ ಅಲ್ಲ ಅದು," ಎಂದ. ಅಂದಿನಿಂದ ಪ್ರತಿ ಸಲ ನಾವು ಮೂವರು.

ಬೆಳಗಾವಿ ನಿಲ್ದಾಣಕ್ಕೆ ಕಾಲಿಟ್ಟ ಕೂಡಲೇ ಆತ ಕೇಳಿದ ಮೊದಲ ಪ್ರಶ್ನೆ, "ಕಂಟ್ರೋಲರ್ ಎಲ್ಲಿ ಕುಂದರತಾರ್ರಿ?" ಕೌಂಟರಿನವರು ಮುಖ ಮುಖ ನೋಡಿಕೊಂಡರು. ಗಾಡಿ ಬಿಟ್ಟ ವೇಳೆ ಬರೆಯುವ ಲಾಗ್ ಶೀಟು ತೋರಿಸಿರಿ ಅಂದ. ತೋರಿಸಲಿಲ್ಲ. ಸ್ಪೇರ್ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅಂದ. ಸ್ಪೇರ್ ವಿಮಾನ ಇಡುವುದಿಲ್ಲವೆಂದು ತಿಳಿದಾಗ ಆತನ ಮುಖ ನೋಡಬೇಕಿತ್ತು! "ನಾ ಹರಕು ಮುರುಕು ಎರಡು ಬಸ್ಸರೆ ಇಟಗೊಂಡಿರತಿದ್ದೆ. ಇಷ್ಟು ದೊಡ್ಡ ಕಂಪನಿ, ಒಂದೂ ಸ್ಪೇರ್ ಇಲ್ಲಂದ್ರ ಇವರು ಸಂಸಾರ ಮಾಡೂ ಮಂದಿ ಅಲ್ಲ," ಎಂದು ಅಲ್ಲಿಯೇ ತೀರ್ಪು ಕೊಟ್ಟ.

ಅಷ್ಟಕ್ಕೇ ಬಿಟ್ಟನೇ? ಒಳಗೆ ಕಾಯುವ ಕೋಣೆಯಲ್ಲಿ ಬೆರಳು ಮಾಡಿ ಜನರನ್ನು ಎಣಿಸುತ್ತ ಸಾಲು ಸಾಲು ನಡೆದ. ಬಂದೂಕು ಹಿಡಿದ ಜವಾನನೊಬ್ಬ ಬಂದು ಏನು ನಡೆದಿದೆ ಎಂದು ಕೇಳಿದ. ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದೆ. ಮಾಮಾ ಮಾತ್ರ ಜವಾನನ ಹೆಗಲ ಮೇಲೆ ಕೈ ಇಟ್ಟು, "ಮಂದಿ ಭಾಳ ಕಡಿಮಿ ಅದಾರಪಾ. ಕಡಿಮಿ ಮಂದಿ ಇರೂ ಗಾಡೀನ ಮೊದಲ ಕೀಳತಾರ. ಬರದು ಇಟ್ಟುಕೋ," ಎಂದ. ಆ ಜವಾನನಿಗೆ ಕನ್ನಡ ಬರುತ್ತಿರಲಿಲ್ಲ, ನನ್ನ ಪುಣ್ಯ.

ಅಲ್ಲಿಂದ ಬಂದವನೇ ಆತ ಮೊಬೈಲಿನಲ್ಲಿ ವಿಮಾನಗಳನ್ನು ತೋರಿಸುವ ಆ್ಯಪ್ ಹಾಕಿಸಿಕೊಂಡ. ಎರಡೇ ತಿಂಗಳಲ್ಲಿ ಎಲ್ಲ ಬಯಲಿಗೆಳೆದ. ನಮ್ಮ ಬೆಳಗಾವಿಗೆ ಬರುವ ವಿಮಾನ ಬೆಳಗಾವಿಗಾಗಿಯೇ ಹುಟ್ಟಿದ್ದಲ್ಲ. ಮುಂಜಾನೆ ಅದು ಬೇರೆ ಒಂದು ಸಣ್ಣ ಊರಿಗೆ ಹೋಗಿ, ತಿರುಗಿ ಬಂದು, ಮತ್ತೊಂದು ಊರು ಸುತ್ತಿ, ಆಮೇಲೆ ನಮ್ಮ ಕಡೆ ಬರುತ್ತದೆ. ಮುಂಜಾನೆಯ ಊರಿನಲ್ಲಿ ಅರ್ಧ ತಾಸು ತಡವಾದರೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಎರಡು ತಾಸು. ದೊಡ್ಡ ಊರಿನ ವಿಮಾನವೊಂದು ಕೆಟ್ಟಿತೋ, ನಮ್ಮದನ್ನು ಕಿತ್ತು ಅಲ್ಲಿಗೆ ಹಾಕುತ್ತಾರೆ. ನಮಗೆ ಒಂದು ಮೆಸೇಜು ಬರುತ್ತದೆ: ಕಾರ್ಯಾಚರಣೆಯ ಕಾರಣಗಳಿಂದ ರದ್ದು. ಯಾವ ಕಾರ್ಯ? ಯಾರ ಆಚರಣೆ? ಕೇಳಬಾರದು!

ವಿಮಾನದ ಬಾಲದ ಹತ್ತಿರ ಬರೆದ ಅಕ್ಷರಗಳಿಂದ ಆತ ಒಂದೊಂದನ್ನೂ ಗುರುತು ಹಿಡಿಯುತ್ತಾನೆ. ಹೆಸರೂ ಇಟ್ಟಿದ್ದಾನೆ. ಮೇಲಿಂದ ಮೇಲೆ ಕೆಡುವುದು ಮುದುಕಿ. ಚೆನ್ನಾಗಿ ಓಡುವುದು ಹಿರೇಸೊಸಿ. ಹೊಸದಾಗಿ ಬಂದು ಇನ್ನೂ ಯಾರ ಮಾತಿಗೂ ಸಿಗದ್ದು ಕಿರೇಸೊಸಿ. ನಾನು ಎಂಟನೆಯ ಇಯತ್ತೆಗೆ ಬೀಜಗಣಿತ ಹೇಳುತ್ತಿರುವಾಗ ಫೋನು ಬರುತ್ತದೆ. "ಏ ಹುಡುಗಿ, ಮುದುಕಿ ಮುಂಜಾನಿಂದ ಎದ್ದಿಲ್ಲ. ಎಂಜಿನ್ನಿನ ಮಗ್ಗಲಕ ನಿಚ್ಚಣಿಕಿ ಹಚ್ಚಿರಬೇಕು." ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿಗಳು ನಮ್ಮ ಮನೆಯಲ್ಲಿ ಯಾರಿಗೋ ಸೀರಿಯಸ್ ಆಗಿದೆ ಎಂದು ಮರುಗಿದ್ದುಂಟು!

ಈ ವಿದ್ಯೆ ಊರೂರಿಗೆ ಹಬ್ಬಿತು. ಬನಹಟ್ಟಿಯ ಸೀರೆ ವ್ಯಾಪಾರಿಗಳು, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳ ಕೆಮಿಸ್ಟರು, ಯಾರಿಗೆ ವಿಮಾನ ಹಿಡಿಯಬೇಕಿದ್ದರೂ ಹೊರಡುವ ಮೊದಲು ಮಾಮಾನಿಗೆ ಫೋನು. ಕಂಪನಿಯ ಮೆಸೇಜು ಏನಾದರೂ ಹೇಳಿಕೊಳ್ಳಲಿ, ಮಾಮಾ ಹೇಳಿದ್ದೇ ವೇಳೆ. ಒಂದು ದಿನ ನಾನು ಆತನ ಪಡಸಾಲೆಯಲ್ಲಿಯೇ ಕೂತಿದ್ದೆ. ಬನಹಟ್ಟಿಯಿಂದ ಒಬ್ಬರು ಕೇಳುತ್ತಿದ್ದರು, "ಮೆಸೇಜ್ನ್ಯಾಗ ಟೈಮಿಗೆ ಸರಿಯಾಗಿ ಐತಿ ಅಂತ ಬಂದೈತ್ರಿ. ಹೊಂಡ್ಲ್ಯಾ?"

"ಗಾಡಿ ಇನ್ನೂ ತಮಿಳುನಾಡಿನ್ಯಾಗ ನಿಂತೈತ್ರಿ ಸಾಹುಕಾರ್ರ. ಅದು ನಿಮ್ಮ ಕಡೆ ಮಾರಿ ಮಾಡಬೇಕಂದ್ರ ಇನ್ನೂ ಎರಡು ಊರು ಆಗಬೇಕು. ಉಣ್ರಿ, ಒಂದು ನಿದ್ದಿ ತಗೀರಿ, ಎದ್ದು ಚಾ ಕುಡದು ಹೊಂಡ್ರಿ."

"ಮತ್ತ ಟೈಮಿಗೆ ಸರಿಯಾಗಿ ಅಂತಾರಲ್ರಿ?"

"ಸುಳ್ಳ ಹೇಳತಾರ್ರಿ! ನಾನೂ ಹಿಂಗ ಹೇಳತಿದ್ದೆ. ‘ಈಗ ಬಂತ್ರಿ, ಆ ಸೇತುವಿ ಹತ್ರ ಐತ್ರಿ’ ಅಂತ. ಬಸ್ಸು ಡಿಪೋ ಬಿಟ್ಟಿರತಿದ್ದಿಲ್ಲ!"

ಫೋನಿನ ಆ ಕಡೆಯವರು ನಕ್ಕರು. ಈ ಕಡೆ ಮಾಮಾ ನಗಲಿಲ್ಲ. ಮೊಬೈಲನ್ನು ಕುರ್ಚಿಯ ಮೇಲೆ ಕುಕ್ಕಿ ಎದ್ದು ಅಂಗಳಕ್ಕೆ ಹೋದ. ಸಿಟ್ಟು ವಿಮಾನದವರ ಮೇಲೆ ಎಂದು ನಾನು ಅಂದುಕೊಂಡೆ.

ಆತನ ಹೊಟ್ಟೆ ನಿಜವಾಗಿ ಉರಿದದ್ದು ಇನ್ನೊಂದು ಸಲ. ಅವತ್ತು ಬೆಳಗಾವಿಯಲ್ಲಿ ಎಲ್ಲವೂ ವೇಳೆಗೆ ಸರಿಯಾಗಿ ನಡೆಯಿತು. ಹತ್ತಿಸಿದರು, ಕೂಡಿಸಿದರು, ಹೇಳಿದ ನಿಮಿಷಕ್ಕೆ ಬಾಗಿಲು ಮುಚ್ಚಿದರು. ವಿಮಾನ ಹತ್ತು ಮಾರು ಹಿಂದೆ ಸರಿದು ನಿಂತಿತು. ನಿಂತದ್ದು ನಿಂತೇ ಇತ್ತು. ಬಿಸಿಲು ಧಗಧಗ, ಒಳಗೆ ಗಾಳಿ ಇಲ್ಲ, ಅವ್ವ ಸೆರಗಿನಿಂದ ಬೀಸಿಕೊಳ್ಳುತ್ತಿದ್ದಾಳೆ. ಮುಂದಿನ ಅನುಮತಿಗಾಗಿ ಕಾಯುತ್ತಿದ್ದೇವೆ ಎಂದು ಮೇಲಿನಿಂದ ಧ್ವನಿ ಬಂತು. ಮುಕ್ಕಾಲು ತಾಸು ಕಳೆಯಿತು. ಇದ್ದಕ್ಕಿದ್ದಂತೆ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎದ್ದು ನಿಂತ.

"ಇದು ನಮ್ಮ ವಿದ್ಯಾ ಐತಿ! ಕಂಟ್ರೋಲರ್ ಖಿಡಕಿ ಮುಂದಿಂದ ಗಾಡಿ ತಗಿ, ಗೇಟಿನ ಹೊರಗ ಒಯ್ದು ನಿಂದರಸು, ಲಾಗ್ ಶೀಟಿನ್ಯಾಗ ರೈಟ್ ಟೈಮ್ ಅಂತ ಬರಿ! ಡ್ರೈವರ್ ಹೊರಗ ಚಾ ಕುಡಕೋತ ನಿಂತಿರತಾನ. ವರ್ಷದ ಕಡೀಕ ಟೈಮ್ ಪಾಲಿಸಿದ್ದಕ್ಕ ನಮಗ ಇನಾಮು ಬ್ಯಾರೆ! ಎಲ್ಲಿದಾನ ನಿಮ್ಮ ಡ್ರೈವರ್? ಕರೀರಿ ಅಂವನ್ನ!"

ಗಗನಸಖಿ ಓಡಿ ಬಂದು, ದಯವಿಟ್ಟು ಬೆಲ್ಟ್ ಹಾಕಿಕೊಳ್ಳಿ ಎಂದಳು. "ಗಾಡಿ ಹೊಂಡಲಾರದ ಬೆಲ್ಟ್ ಯಾಕ ಹಾಕ್ಕೋಬೇಕು?" ಎಂದು ಈತ. ಆಕೆ ನನ್ನ ಕಡೆ ನೋಡಿದಳು. ನಾನು ನನ್ನ ಬೆಲ್ಟನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡೆ. ಕೊನೆಗೆ ಅವ್ವನೇ ಅಂಗಿ ಹಿಡಿದು ಎಳೆದಳು.

"ಕುಂದರೋ ತಮ್ಮಾ. ಒದರಿದ್ರ ಅದೇನು ಎತ್ತ ಅಲ್ಲ ಓಡಾಕ."

ಕೂತ. ಆ ದಿನ ಹೈದರಾಬಾದಿಗೆ ಹೋಗಿ ಇಳಿದ ಮೇಲೆ ಕಂಪನಿಯವರ ಮೆಸೇಜು ಬಂತು: ಇಂದು ನಿಮ್ಮ ವಿಮಾನ ಸರಿಯಾದ ವೇಳೆಗೆ ಹೊರಟಿತು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ನಾನು ಕೊಟ್ಟ ಉತ್ತರವನ್ನು ಗಣಿತದ ಶಿಕ್ಷಕಿ ಬರೆದದ್ದೆಂದು ಯಾರೂ ನಂಬಲಾರರು.

ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು, ನಮ್ಮ ಗಾಡಿಯನ್ನು ನಿಜವಾಗಿ ಕಿತ್ತ ದಿನದವರೆಗೆ.

ಆ ತಿಂಗಳು ಮೊದಲೇ ಡಾಕ್ಟರರು ಊರಲ್ಲಿಲ್ಲವೆಂದು ನಮ್ಮ ತಾರೀಖು ಎರಡು ದಿನ ಮುಂದೆ ಹೋಗಿತ್ತು. ಇನ್ನು ಮುಂದೆ ಹಾಕುವಂತಿರಲಿಲ್ಲ. ಮರುದಿನ ಮುಂಜಾನೆ ಒಂಬತ್ತಕ್ಕೆ ಅವ್ವ ಆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿರಲೇಬೇಕು. ಅದಾದ ಮೇಲೆ ಡಾಕ್ಟರರು ಮತ್ತೆ ವಾರಗಟ್ಟಲೆ ಪರದೇಶಕ್ಕೆ. ಹತ್ತು ದಿನದಿಂದ ಅವ್ವ ತಟ್ಟೆಯಲ್ಲಿಯ ಅನ್ನವನ್ನು ಬೆರಳಿನಿಂದ ಹುಡುಕಿ ಉಣ್ಣುತ್ತಿದ್ದಳು. ಕೇಳಿದರೆ, "ಕಾಣತೈತಿ, ಏನಾಗೇತಿ ನನಗ," ಎನ್ನುತ್ತಿದ್ದಳು.

ಬೆಳಗಾವಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಕಾರಿನಿಂದ ಅವ್ವನ ಕಾಲು ನೆಲಕ್ಕೆ ತಾಗುವಷ್ಟರಲ್ಲಿ ನನ್ನ ಮೊಬೈಲು ಗುರ್ರೆಂದಿತು. ಕಾರ್ಯಾಚರಣೆಯ ಕಾರಣಗಳಿಂದ ನಿಮ್ಮ ವಿಮಾನ ರದ್ದು.

ಮಾಮಾ ಆಗಲೇ ಮೊಬೈಲನ್ನು ಮೂಗಿನ ಹತ್ತಿರ ಹಿಡಿದಿದ್ದ. "ಕಿತ್ತರು," ಎಂದ. "ಹಿರೇಸೊಸಿ ನಮಗ ಬರಬೇಕಾಗಿತ್ತು. ದೊಡ್ಡ ಊರಿನ ಗಾಡಿ ಒಂದು ಕೆಟ್ಟೈತಿ. ಇದನ್ನ ಕಿತ್ತು ಅದಕ್ಕ ಹಾಕ್ಯಾರ. ನೋಡು, ಹಾರಾಕತ್ತೈತಿ."

ನೋಡಿದೆ. ನಮ್ಮ ವಿಮಾನ, ನಮ್ಮ ಅವ್ವನ ಕಣ್ಣು ಹೊತ್ತುಕೊಂಡು ಹೋಗಬೇಕಾದ ವಿಮಾನ, ಪರದೆಯ ಮೇಲೆ ಆರಾಮಾಗಿ ಯಾವುದೋ ಮಹಾನಗರದ ಕಡೆ ಹೋಗುತ್ತಿತ್ತು. ಕೆಟ್ಟಿಲ್ಲ, ಮಳೆ ಇಲ್ಲ, ಗಾಳಿ ಇಲ್ಲ! ಅಲ್ಲಿ ಜನ ಹೆಚ್ಚು, ಇಲ್ಲಿ ಜನ ಕಡಿಮೆ. ಅಷ್ಟೇ ಕಾರಣ. ಕಡಿಮೆ ಜನರಿರುವ ಊರಿನವರ ಕಣ್ಣಿಗೆ ಬೆಲೆ ಕಡಿಮೆಯೇ?

ನಾನು ಕೌಂಟರಿಗೆ ನುಗ್ಗಿದೆ. ಅಲ್ಲಿ ಒಬ್ಬ ಹುಡುಗಿ ಕೂತಿದ್ದಳು. ನಾಳೆಯ ವಿಮಾನಕ್ಕೆ ಹಾಕಿಕೊಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾಳೆಯದು ಎಷ್ಟಕ್ಕೆ? ಮಧ್ಯಾಹ್ನಕ್ಕೆ! ನನ್ನ ತಲೆ ಕೆಟ್ಟಿತು. ನನ್ನ ವಿದ್ಯಾರ್ಥಿಗಳೂ ನನ್ನನ್ನು ಆ ಅವತಾರದಲ್ಲಿ ಕಂಡಿರಲಾರರು. ಮೇಜು ಗುದ್ದಿದೆ. ನಿನ್ನ ಅವ್ವನಿಗೆ ಹೀಗಾದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂದರೂ ನಾನು ನಿಲ್ಲಿಸಲಿಲ್ಲ.

ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದವನು ಮಾಮಾ. ಇಡೀ ಜಗತ್ತಿನ ಮೇಲೆ ಒದರುವ ಮಾಮಾ!

"ಆಕಿ ಮ್ಯಾಲ ಒದರಬ್ಯಾಡ. ಕಿತ್ತಾಂವ ಇಲ್ಲಿ ಕುಂದರೂದಿಲ್ಲ. ಅಂವ ಒಳಗ ಕುಂತು ಕೀಳತಾನ. ಬೈಗಳ ತಿನ್ನಾಕ ಖಿಡಕ್ಯಾಗ ಒಬ್ಬರನ್ನ ಕುಂದರಿಸಿರತಾನ. ನಾನೂ ಹಂಗ ಮಾಡೇನಿ."

ಆಮೇಲೆ ಆತ ಆ ಹುಡುಗಿಗೆ ಮೆಲ್ಲಗೆ ಕೇಳಿದ. "ತಂಗೀ, ಹುಬ್ಬಳ್ಳಿಯಿಂದ ಹೈದರಾಬಾದಿಗೆ ಇವತ್ತ ಒಂದು ಗಾಡಿ ಐತೆಲ್ಲ, ಮೂರೂ ಕಾಲಿಗೆ?"

"ಐತಿ. ಆದರ ಅದು ನಿಮಗ ಸಿಗೂದಿಲ್ರಿ ಅಜ್ಜಾರ," ಎಂದಳು ಹುಡುಗಿ. ಅಳು ಬಂದ ಕೂಡಲೇ ಆಕೆಯ ಇಂಗ್ಲಿಷು ಹೋಗಿ ನಮ್ಮ ಕಡೆಯ ಕನ್ನಡ ಬಂದಿತ್ತು. "ಅಲ್ಲಿ ಕೌಂಟರ್ ಎರಡೂ ಕಾಲಿಗೇ ಬಂದ್ ಆಗತೈತಿ. ನೀವು ಹೋಗಿ ಮುಟ್ಟೂದ್ರಾಗ ಮೂರು ದಾಟತೈತ್ರಿ."

"ಆ ಗಾಡಿ ಮುದುಕಿ," ಎಂದ ಮಾಮಾ.

"ಏನ್ರಿ?"

"ಅದು ಮುಂಜಾನಿ ಮೊದಲನೇ ಊರಿನ್ಯಾಗ ಒಂದೂವರಿ ತಾಸು ಕುಂತೈತಿ. ಈಗರೆ ಎರಡನೇ ಊರು ಬಿಟ್ಟಿಲ್ಲ. ಹುಬ್ಬಳ್ಳಿಗೆ ಐದರ ಒಳಗ ಬಂದ್ರ ನನ್ನ ಹೆಸರು ತಗೀರಿ. ನಿಮ್ಮ ಬೋರ್ಡಿನ ಮ್ಯಾಲ ಇನ್ನೂ ರೈಟ್ ಟೈಮ್ ಅಂತ ಐತಿ. ನೀ ಒಳಗಿನ ಕಂಪ್ಯೂಟರ್ ನೋಡವ್ವಾ."

ಹುಡುಗಿ ನೋಡಿದಳು. ಮಾಮಾನ ಮುಖ ನೋಡಿದಳು. ಫೋನು ಎತ್ತಿ ಹುಬ್ಬಳ್ಳಿಯ ತಮ್ಮವರ ಜೊತೆ ಮಾತಾಡಿದಳು. ಮೂರು ಚೀಟಿ ಮುದ್ರಿಸಿ ಕೈಗೆ ಕೊಟ್ಟು, "ಹೇಳೇನ್ರಿ, ಕೌಂಟರ್ ತಗದ ಇಟ್ಟಿರತಾರ. ಗಾಡಿ ಜೋರ ಓಡಿಸಬ್ಯಾಡ್ರಿ, ಅಮ್ಮಾರಿಗೆ ತ್ರಾಸ ಆದೀತು," ಎಂದಳು. ನಾನು ಆಕೆಯ ಕ್ಷಮೆ ಕೇಳಬೇಕಿತ್ತು. ಕೇಳದೆ ಬಂದೆ. ಇವತ್ತಿಗೂ ಅದು ಮನಸ್ಸಿನಲ್ಲಿ ಕುಟುಕುತ್ತದೆ.

ಬೆಳಗಾವಿಯಿಂದ ಹುಬ್ಬಳ್ಳಿಯವರೆಗಿನ ಆ ಪ್ರಯಾಣವನ್ನು ನೀವು ನೋಡಬೇಕಿತ್ತು! ಜೀವಮಾನವೆಲ್ಲ ವೇಳೆ ವೇಳೆ ಎಂದು ಜನರ ಜೀವ ತಿಂದ ಮನುಷ್ಯ ಮುಂದಿನ ಸೀಟಿನಲ್ಲಿ ಕೂತು, ವಿಮಾನ ತಡವಾಗಲಿ ಎಂದು ಕೈಮುಗಿಯುತ್ತಿದ್ದ. "ಮುದಕೀ, ನನ್ನವ್ವಾ, ಇವತ್ತೊಂದು ದಿನ ಏಳಬ್ಯಾಡ. ಇನ್ನೊಂದು ಅರ್ಧ ತಾಸು ಮಲಕೋ." ಹಿರೇಬಾಗೇವಾಡಿ ದಾಟಿದಾಗ ಮುದುಕಿ ಎರಡನೆಯ ಊರು ಬಿಟ್ಟಳೆಂದು ಆ್ಯಪಿನಲ್ಲಿ ಕಂಡಿತು. ಮಾಮಾ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಹಿಂದಿನ ಸೀಟಿನಲ್ಲಿ ಅವ್ವ ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಸಣ್ಣಗೆ ನಗುತ್ತಿದ್ದಳು.

ಮುದುಕಿ ನಮ್ಮ ಮರ್ಯಾದೆ ಉಳಿಸಿದಳು. ಐದೂ ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಇಳಿದಳು. ಅಷ್ಟರಲ್ಲಿ ನಾವು ಒಳಗೆ ಕೂತು ಎರಡೆರಡು ಸಲ ಚಹಾ ಕುಡಿದಿದ್ದೆವು. ಮರುದಿನ ಮುಂಜಾನೆ ಒಂಬತ್ತಕ್ಕೆ ಅವ್ವ ಆಸ್ಪತ್ರೆಯ ಕುರ್ಚಿಯಲ್ಲಿದ್ದಳು.

ಇಂಜೆಕ್ಷನ್ ಆಯಿತು. ಡಾಕ್ಟರರು ಯಂತ್ರದಲ್ಲಿ ನೋಡಿ, ಸರಿಯಾದ ವೇಳೆಗೆ ಬಂದಿರಿ, ಇನ್ನು ಎರಡು ದಿನ ಹೋಗಿದ್ದರೆ ನನ್ನ ಕೈಯಲ್ಲಿ ಇರುತ್ತಿರಲಿಲ್ಲ ಎಂದರು. ಬಲಗಣ್ಣಿನ ಮೇಲೆ ಹತ್ತಿ ಇಟ್ಟು ಪಟ್ಟಿ ಹಾಕಿ, ಎರಡು ತಾಸು ತೆಗೆಯಬೇಡಿ ಎಂದು ಹೊರಗಿನ ಬೆಂಚಿನ ಮೇಲೆ ಕೂಡಿಸಿದರು. ಎರಡು ತಾಸು ಅವ್ವನಿಗೆ ಯಾವ ಕಣ್ಣೂ ಇಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಮಾಮಾ.

ಡಾಕ್ಟರರ ಆ ಮಾತು ಕೇಳಿದಾಗಿನಿಂದ ಮಾಮಾ ಒಂದು ವಿಮಾನವನ್ನೂ ನೋಡಿರಲಿಲ್ಲ. ಮೊಬೈಲು ಜೇಬಿನಲ್ಲೇ ಇತ್ತು. ಅವ್ವನಿಗೆ ತನ್ನ ಮುಖ ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡವನಂತೆ ಒಮ್ಮೆ ಆಕೆಯ ಪಟ್ಟಿಯನ್ನು ನೋಡಿ ಕೇಳಿದ.

"ಅಕ್ಕಾ, ನೀವು ಅನಗವಾಡಿ ಕಡೆ ಇದ್ರೆಲ್ಲ, ನಿನ್ನ ಎಡಗಣ್ಣು ಹೋತಲ್ಲ, ಆ ತಿಂಗಳ ನಿಮ್ಮ ಊರಿನ ಗಾಡಿ ನಾ ಎಷ್ಟು ಸಲ ಕಿತ್ತೇನಿ ಅನ್ನೂದ ನನಗ ನೆನಪಿಲ್ಲ. ಬಿಜಾಪುರದ ಗಾಡಿ ಕೆಡತಿತ್ತು, ಅಲ್ಲಿ ಮಂದಿ ಭಾಳ, ನಿಮ್ಮ ಊರಾಗ ಎಂಟೋ ಹತ್ತೋ ಮಂದಿ. ಕೀಳತಿದ್ದೆ. ಲಾಗ್ ಶೀಟಿನ್ಯಾಗ ರಸ್ತಾ ಕೆಟ್ಟೈತಿ ಅಂತ ಬರೀತಿದ್ದೆ. ಮೂವತ್ತು ವರ್ಷ ಆತು, ಕೇಳೂ ಧೈರ್ಯ ಆಗಿಲ್ಲ. ನೀ ದವಾಖಾನ್ಯಾಕ ಹೊಂಟ ದಿನ ಗಾಡಿ ಬಂದಿತ್ತ?"

"ಅಯ್ಯ, ಹುಚ್ಚಪ್ಪ! ಅದನ್ನ ಇನ್ನೂ ತಲ್ಯಾಗ ಇಟಗೊಂಡು ಕುಂತೀಯೇನೋ?" ಎಂದಳು ಅವ್ವ, ಒಂದು ಕ್ಷಣವೂ ತಡಮಾಡದೆ. "ನಾನ ಹೊಂಡೂದು ತಡಾ ಮಾಡಿದೆ. ಎಮ್ಮಿ ಈದಿತ್ತು, ಬಿಟ್ಟು ಹೆಂಗ ಬರ್ಲಿ? ಎರಡು ದಿನ ಬಿಟ್ಟು ಹೊಂಟೆ. ಅವತ್ತ ಗಾಡಿ ಬಂತು, ಹತ್ತಿದೆ."

ಎಮ್ಮೆ ಈದದ್ದು ಅದರ ಮುಂದಿನ ವರ್ಷ. ನನಗೆ ಆಗ ಹತ್ತು ವರ್ಷ, ನಾನು ಅವ್ವನ ಜೊತೆಗೇ ಇದ್ದೆ. ಕಣ್ಣಿನ ಮುಂದೆ ಪರದೆ ಇಳಿದಂತಾಗಿದೆ ಎಂದು ಆಕೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಹಾದಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಒಂಬತ್ತರಿಂದ ಹೊತ್ತು ನೆತ್ತಿಗೆ ಬರುವವರೆಗೆ ಕೂತೆವು. ಮರುದಿನವೂ ಹಾಗೆಯೇ ಕೂತೆವು. ಇದ್ದದ್ದು ಅದೊಂದೇ ಬಸ್ಸು, ಎರಡೂ ದಿನ ಬರಲಿಲ್ಲ. ಮೂರನೆಯ ದಿನ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೋದಾಗ ಬಾಗಲಕೋಟೆಯ ಡಾಕ್ಟರರು ಎರಡು ದಿನ ಮೊದಲು ತರಬೇಕಿತ್ತು ಎಂದರು. ಗಾಡಿ ಕಿತ್ತವನು ನಿನ್ನ ತಮ್ಮನೇ ಎಂದು ಅಪ್ಪ ಆ ದಿನ ಮನೆಯಲ್ಲಿ ಕೂಗಾಡಿದ. ಮಾಮಾನಿಗೆ ಇದನ್ನು ಯಾರೂ ಹೇಳಬಾರದು ಎಂದು ಅವ್ವ ನಮ್ಮಿಬ್ಬರಿಂದ ಆಣೆ ಮಾಡಿಸಿಕೊಂಡಳು. ಇಷ್ಟು ವರ್ಷ ಮಾಮಾನನ್ನು ಕಂಡರೆ ನನಗೆ ಏಕೆ ಸಿಟ್ಟೆಂದು ಈಗ ಹೇಳಿದೆನಲ್ಲ.

ಮಾಮಾ ಅವ್ವನ ಮಾತು ನಂಬಲಿಲ್ಲ. ನನ್ನ ಕಡೆ ತಿರುಗಿದ.

"ಏ ಹುಡುಗಿ, ನೀನೂ ಇದ್ದೆಲ್ಲ ಅವತ್ತ. ಖರೆ ಹೇಳು. ಗಾಡಿ ಬಂದಿತ್ತ?"

ಅವ್ವನ ಕೈ ತಡಕಾಡಿ ನನ್ನ ಮುಂಗೈ ಹಿಡಿಯಿತು. ಒತ್ತಿತು. ಮೂವತ್ತು ವರ್ಷ ನಾನು ಕಾದದ್ದು ಈ ಪ್ರಶ್ನೆಗೇ ಇರಬೇಕು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು, ಮುಖಕ್ಕೆ ಹೊಡೆದ ಹಾಗೆ ಹೇಳಲು ಎಷ್ಟೋ ಸಲ ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಎಪ್ಪತ್ತು ದಾಟಿದ ಆ ಮುಖ ನೋಡಿದೆ. ವೇಳೆಗೆ ಸರಿಯಾಗಿ ಬಂತು ಎಂದರೆ ಈ ಮನುಷ್ಯ ಸತ್ತರೂ ನಂಬುವುದಿಲ್ಲವೆಂದು ನನಗೆ ಗೊತ್ತಿತ್ತು.

"ಬಂದಿತ್ತು ಮಾಮಾ," ಎಂದೆ. "ಒಂಬತ್ತೂ ಐದಕ್ಕ. ಐದು ನಿಮಿಷ ಲೇಟ್."

"ಐದು ನಿಮಿಷ?" ಮಾಮಾ ನೆಟ್ಟಗೆ ಕೂತ. "ಯಾಕ ಲೇಟ್? ಅಷ್ಟು ಸಣ್ಣ ಹಾದಿಗೆ ಐದು ನಿಮಿಷ ಯಾಕ ಲೇಟ್? ಡ್ರೈವರ್ ಯಾಂವ ಇದ್ದ ಅವತ್ತ?" ಹೆಗಲ ಮೇಲಿನ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡ.

"ಅಳಾಕತ್ತೀಯೇನೋ ತಮ್ಮಾ?" ಎಂದು ಅವ್ವ ಪಟ್ಟಿ ಕಟ್ಟಿದ ಮುಖವನ್ನು ಆತನ ಕಡೆ ತಿರುಗಿಸಿದಳು.

"ಇಲ್ಲಕ್ಕಾ," ಎಂದ ಮಾಮಾ.